ಐದು ಮೊಟ್ಟೆಗಳ ಹೆರಿಗೆ ವಾರ್ಡು

ನಾನು ಬಲಗಾಲಿನ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಾಗ ಅತ್ತೆ ಹಿತ್ತಲಿನಿಂದ ಕೂಗಿದರು.

“ಏ, ಇಲ್ಲಿ ಬಾರೇ! ಮೊಟ್ಟೆ ಇದೆ!”

“ಯಾವುದರ ಮೊಟ್ಟೆ ಅತ್ತೆ?”

“ಅದು ನನಗೇ ಗೊತ್ತಿದ್ರೆ ಸೈನ್ಸ್ ಓದಿದ ಸೊಸೇನ ಯಾಕೆ ಕರೀತಿದ್ದೆ?”

ಒಂದೇ ಬೂಟಿನಲ್ಲಿ ಕುಂಟುತ್ತ ಹೋದೆ. ನಮ್ಮ ಹಿತ್ತಲು ಹನ್ನೆರಡು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲ. ಅಲ್ಲಿ ನೆಟ್ಟದ್ದಕ್ಕಿಂತ ನೆಡದೆ ಬಂದದ್ದೇ ಹೆಚ್ಚು. ಬಚ್ಚಲ ನೀರು ಹೋಗುವ ಕಡೆ ತಾನಾಗಿ ಎದ್ದ ಒಂದು ಟೊಮೆಟೊ ಗಿಡ, ನಾವು ಕೊಂಡು ತಂದು ಗೊಬ್ಬರ ಉಣಿಸಿದ ಗಿಡಗಳ ಮಾನ ಕಳೆಯುವಂತೆ ಕಾಯಿ ಬಿಟ್ಟಿತ್ತು. ಗುಲಾಬಿಯ ಕುಂಡದಲ್ಲಿ ಗುಲಾಬಿ ಸತ್ತು, ಯಾರೂ ಕರೆಯದ ಕುಂಬಳಬಳ್ಳಿ ಬಂದು ಕಾಲು ಚಾಚಿಕೊಂಡಿತ್ತು. ಮಡಿಗಳಲ್ಲಿ ಕಳೆ ಏಳದಿರಲೆಂದು ನನ್ನ ಗಂಡ ಮರದ ಚೂರು ಹರಡಿದ್ದ. ಅವನು ಲಿಫ್ಟ್ ಮೆಕ್ಯಾನಿಕ್. ಲಿಫ್ಟಿನ ಬಿಡಿಭಾಗ ತುಂಬಿಕೊಂಡು ಬರುವ ಮರದ ಪೆಟ್ಟಿಗೆಗಳನ್ನು ಕೊಚ್ಚಿ ತಂದು ಸುರಿಯುತ್ತಿದ್ದ. ಎರಡು ವರ್ಷದಿಂದ ಅವು ಅಲ್ಲೇ ಕೊಳೆಯುತ್ತಿದ್ದವು. ಆ ಚೂರುಗಳನ್ನು ಕೆದಕಿ ಕೂತಿದ್ದ ಅತ್ತೆಯ ಮುಂದೆ ಐದು ಮೊಟ್ಟೆಗಳಿದ್ದವು. ಕೋಳಿಮೊಟ್ಟೆಗಿಂತ ಒಂದಿಷ್ಟು ಚಿಕ್ಕವು, ಬೆಳ್ಳಗೆ, ಬೆರಳಿಂದ ಒತ್ತಿದರೆ ತಗ್ಗುವಷ್ಟು ಮೆತ್ತಗೆ.

ನನಗೆ ಭಾನುವಾರದ ಪಾಳಿ. ಬಸ್ಸಿಗೆ ಏಳು ನಿಮಿಷವಿತ್ತು.

“ಗಟ್ಟಿ ಚಿಪ್ಪಿಲ್ಲ. ಆಮೆ ಇರಬೇಕು ಅತ್ತೆ. ಆಮೆ ಮೊಟ್ಟೆ ಮೆತ್ತಗಿರುತ್ತೆ,” ಎಂದೆ. ಎರಡು ಬೀದಿಯಾಚೆ ಕೆರೆಯಿತ್ತು, ಹಾಗಾಗಿ ಮಾತು ತೀರ ತಲೆಬುಡವಿಲ್ಲದ್ದಾಗಿ ಕೇಳಲಿಲ್ಲ. ಹೇಳಿದೆ, ಎಡಗಾಲಿಗೆ ಬೂಟು ಏರಿಸಿದೆ, ಹೊರಟೆ.

ನಾನು ನೀರು ಸರಬರಾಜಿನವರ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡುವವಳು. ಒಂದು ಬಾಟಲಿ ನೀರಿನ ಮೇಲೆ ‘ಕುಡಿಯಲು ಯೋಗ್ಯ’ ಎಂದು ಬರೆಯುವ ಮುಂಚೆ ಇಪ್ಪತ್ತನಾಲ್ಕು ಗಂಟೆ ಕಾಯುತ್ತೇನೆ. ಎರಡು ಸಲ ಎಣಿಸುತ್ತೇನೆ. ಅನುಮಾನ ಬಂದರೆ ಮೊದಲಿನಿಂದ ಶುರು ಮಾಡುತ್ತೇನೆ. ಮನೆಯ ಐದು ಮೊಟ್ಟೆಗಳಿಗೆ ಹತ್ತು ಸೆಕೆಂಡು ಕೊಟ್ಟೆ. ಅವುಗಳ ಬುಡದಲ್ಲಿ ಬಿಳಿ ದಾರದಂಥದ್ದೊಂದು ಮಣ್ಣಿಗಿಳಿದಿದ್ದನ್ನು ನೋಡಿದ್ದೆ ಕೂಡ. ಬೇರು ಬಿಟ್ಟ ಮೊಟ್ಟೆ ಇಡುವ ಆಮೆ ಈ ಭೂಮಿಯ ಮೇಲಿಲ್ಲ. ಅದನ್ನು ಗಮನಿಸಲು ಡಿಗ್ರಿಯೂ ಬೇಕಿಲ್ಲ. ಆದರೆ ಡಿಗ್ರಿ ಇದ್ದವಳು ಹೇಳಿದ್ದಾಳೆಂದ ಮೇಲೆ ಮನೆಯಲ್ಲಿ ಬೇರೆ ಯಾರೂ ಗಮನಿಸಲು ಹೋಗಲಿಲ್ಲ.

ಸಂಜೆ ವಾಪಸು ಬಂದಾಗ ನಡುಮನೆಯ ಮೂಲೆಯಲ್ಲಿ ಹೆರಿಗೆ ವಾರ್ಡು ತೆರೆದಿತ್ತು.

ಇದು ಉತ್ಪ್ರೇಕ್ಷೆಯಲ್ಲ. ಅತ್ತೆ ಮೂವತ್ತೈದು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಬೂಟಿನ ಪೆಟ್ಟಿಗೆಯೊಳಗೆ ಒದ್ದೆ ಹತ್ತಿ, ಹತ್ತಿಯ ಮೇಲೆ ಐದು ಮೊಟ್ಟೆ, ಪಕ್ಕದಲ್ಲಿ ಬಿಸಿನೀರಿನ ರಬ್ಬರ್ ಚೀಲ, ಮೇಲೆ ಟೇಬಲ್ ಲ್ಯಾಂಪು, ನಡುವೆ ಥರ್ಮಾಮೀಟರು. ಮೊಟ್ಟೆಗಳ ಮುಂದೆ ಒಂದರಿಂದ ಐದರವರೆಗೆ ಹಾಸಿಗೆ ಸಂಖ್ಯೆ ಬರೆದ ಚೀಟಿ. ಗೋಡೆಯ ಮೇಲೆ ಕೈಯಲ್ಲೇ ಗೆರೆ ಎಳೆದು ಮಾಡಿದ ಚಾರ್ಟು. ಅದು ಆಸ್ಪತ್ರೆಯ ಚಾರ್ಟಿನ ನಕಲೇ ಆಗಿದ್ದರಿಂದ ‘ತಾಯಿಯ ನಾಡಿ’ ಎಂಬ ಅಂಕಣವೂ ಇತ್ತು. ಅದರಲ್ಲಿ ಅತ್ತೆ ದುಂಡಗಿನ ಅಕ್ಷರದಲ್ಲಿ ‘ತಾಯಿ ಪರಾರಿ’ ಎಂದು ಬರೆದಿದ್ದರು.

“ಐದಕ್ಕೂ ಹೊಕ್ಕುಳಬಳ್ಳಿ ಇತ್ತು ಕಣೇ,” ಎಂದರು ಅತ್ತೆ. “ಕತ್ತರಿ ಕುದಿಸಿ, ಎರಡು ಕಡೆ ದಾರ ಕಟ್ಟಿ, ನಡುವೆ ಕತ್ತರಿಸಿದೆ. ಒಂದು ಹನಿ ರಕ್ತ ಬರಲಿಲ್ಲ.”

“ಮೊಟ್ಟೆಗೆ ಹೊಕ್ಕುಳಬಳ್ಳಿ ಹೊರಗಡೆ ಇರುತ್ತೇನಮ್ಮ?” ಎಂದ ನನ್ನ ಗಂಡ.

“ನಿನ್ನದು ಎಲ್ಲಿತ್ತು ಗೊತ್ತಾ? ಕುತ್ತಿಗೆಗೆ ಎರಡು ಸುತ್ತು ಸುತ್ಕೊಂಡು ಬಂದಿದ್ದೆ. ಬಾಯಿ ಮುಚ್ಚು.”

ಅವನು ಬಾಯಿ ಮುಚ್ಚಿದ. ನಾನೂ ಮುಚ್ಚಿದೆ. ಅನುಮಾನ ಬಂದಿರಲಿಲ್ಲವೆಂದಲ್ಲ, ಆರು ತಿಂಗಳಲ್ಲಿ ಮೊದಲ ಬಾರಿಗೆ ಅತ್ತೆ ತಲೆ ಬಾಚಿಕೊಂಡಿದ್ದರು.

ಆರು ತಿಂಗಳ ಹಿಂದೆ ಅವರು ನಿವೃತ್ತರಾಗಿದ್ದರು. ಬೀಳ್ಕೊಡುವ ದಿನ ಆಸ್ಪತ್ರೆಯ ಮುಖ್ಯಸ್ಥರು ಚಹಾದ ಲೋಟ ಹಿಡಿದು ಮಾತಾಡಿದರಂತೆ. ಅವರನ್ನು ಎಲ್ಲರೂ ‘ದೊಡ್ಡ ಡಾಕ್ಟರು’ ಎನ್ನುತ್ತಾರೆ, ಆಳು ಅತ್ತೆಯ ಭುಜಕ್ಕೆ ಬರುತ್ತಾರೆ. “ಸಿಸ್ಟರ್ ಕೈ ಈಗ ವಿಶ್ರಾಂತಿಗೆ ಹೋಗ್ತಿದೆ. ಕಣ್ಣು ಹೋಗಿ ಒಂದು ವರ್ಷ ಆಯ್ತು,” ಎಂದರು. ಎಲ್ಲರೂ ನಕ್ಕರು. ಕಾರಣವಿತ್ತು. ಅದಕ್ಕೂ ಒಂದು ತಿಂಗಳ ಮುಂಚೆ ಮೂರೂ ಮುಕ್ಕಾಲು ಕಿಲೋದ ಮಗುವನ್ನು ಅತ್ತೆ ಎರಡೂ ಮುಕ್ಕಾಲು ಎಂದು ಬರೆದಿದ್ದರು. ಆ ಗುಂಡು ಮಗುವನ್ನು ಒಂದು ದಿನವಿಡೀ ಕೃಶ ಮಕ್ಕಳ ಕೋಣೆಯಲ್ಲಿ ಮಲಗಿಸಲಾಗಿತ್ತು. ಪಕ್ಕದ ಮಕ್ಕಳ ನಡುವೆ ಅದು ಪೈಲ್ವಾನನಂತೆ ಕಾಣುತ್ತಿತ್ತಂತೆ. ತಕ್ಕಡಿಯೇ ಸರಿಯಿರಲಿಲ್ಲವೆಂದು ಅತ್ತೆ ಇವತ್ತಿಗೂ ವಾದಿಸುತ್ತಿದ್ದರು.

ನಿವೃತ್ತಿಯ ಮೊದಲ ತಿಂಗಳು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದರು. ಎರಡನೆಯ ತಿಂಗಳು ಅವುಗಳನ್ನೇ ವಯಸ್ಸಿನ ಪ್ರಕಾರ ಜೋಡಿಸಿದರು. ಮೂರನೆಯ ತಿಂಗಳಿಂದ ಗೋಡೆ ಕಡೆ ಮುಖ ಮಾಡಿ ಮಲಗಿದರು. ಊಟಕ್ಕೆ ಕರೆದರೆ “ಹಸಿವಿಲ್ಲ”, ಮಾತಾಡಿಸಿದರೆ “ಹ್ಞೂಂ”. ಆಗಲೇ ಸುದ್ದಿ ಬಂತು: ಆಸ್ಪತ್ರೆಯಲ್ಲಿ ಹೊಸ ನರ್ಸುಗಳ ತರಬೇತಿ ಶಾಲೆ ತೆರೆಯುತ್ತಾರೆ, ಕೈಕೆಲಸ ಕಲಿಸಲು ಅನುಭವಿಯೊಬ್ಬರು ಬೇಕು, ಆರಿಸುವವರು ದೊಡ್ಡ ಡಾಕ್ಟರು.

“ಒಂದು ಫೋನ್ ಮಾಡಿ ಕೇಳಮ್ಮ,” ಎಂದಿದ್ದ ಗಂಡ.

“ಕೇಳಿ ತಗೊಳ್ಳೋದು ನನ್ನ ಜಾಯಮಾನದಲ್ಲೇ ಇಲ್ಲ. ಬೇಕಿದ್ರೆ ಅವರೇ ಕರೀತಾರೆ.”

ಅವರು ಕರೆಯಲಿಲ್ಲ. ಅತ್ತೆ ಗೋಡೆ ನೋಡಿದರು. ಆ ಭಾನುವಾರ ಅವರನ್ನು ಹಿತ್ತಲಿಗೆ ದಬ್ಬಿದ್ದು ನಾನೇ, ಸ್ವಲ್ಪ ಬಿಸಿಲಾದರೂ ಬೀಳಲಿ ಎಂದು.

ಹೀಗೆ ಐದು ಮೊಟ್ಟೆಗಳ ಆರೈಕೆ ಶುರುವಾಯಿತು. ನಾಲ್ಕು ಗಂಟೆಗೊಮ್ಮೆ ಉಷ್ಣತೆ, ದಿನಕ್ಕೆರಡು ಸಲ ಅಳತೆ. ಅಳತೆಗೆ ಗಂಡನ ವರ್ನಿಯರ್ ಕ್ಯಾಲಿಪರ್ ಜಪ್ತಿಯಾಯಿತು. ಲಿಫ್ಟಿನ ತಂತಿಹಗ್ಗದ ದಪ್ಪ ಅಳೆಯುವ ಸಲಕರಣೆ ಅದು. ಅವನು ಕೆಲಸದ ಕಡೆ ಸಾಲ ತಂದ ಕ್ಯಾಲಿಪರ್‌ನಲ್ಲಿ ದಿನ ದೂಡಿದ. ಅತ್ತೆ ಕನ್ನಡಕ ಏರಿಸಿ, ಉಸಿರು ಹಿಡಿದು, ಹಾಸಿಗೆ ಮೂರರ ಉದ್ದ ನಲವತ್ತೊಂದು ಪಾಯಿಂಟ್ ಎರಡು ಎಂದು ಬರೆಯುತ್ತಿದ್ದರು. ಒಮ್ಮೆ ಅವರು ಹೊರಗೆ ಹೋದಾಗ ನಾನು ಗುಟ್ಟಾಗಿ ಅಳೆದು ನೋಡಿದೆ. ಒಂದು ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ.

ಎರಡನೆಯ ದಿನ ಪಕ್ಕದ ಮನೆಯ ಟೈಲರ್ ಗೋಡೆ ಮೇಲಿಂದ ಇಣುಕಿದ.

“ಸಿಸ್ಟರಮ್ಮ, ಹಾವಿನ ಮೊಟ್ಟೆ ಕಾವು ಕೊಡ್ತಿದ್ದೀರಂತೆ. ಮರಿ ಬಂದ್ರೆ ಮೊದಲು ನಮ್ಮ ಮನೇಗೇ ಬರೋದು. ಒಂದು ಕಡ್ಡಿ ಗೀರಿ ಬೆಂಕಿ ಇಡಿ.”

“ಹಾವಲ್ಲಪ್ಪ, ಆಮೆ. ಸೊಸೆ ಹೇಳಿದ್ದಾಳೆ, ಸೈನ್ಸ್ ಓದಿದೋಳು. ನಿನ್ನ ಮನೇಗೆ ಬರಬೇಕು ಅಂದ್ರೂ ಮೂರು ದಿನ ಬೇಕು ಅದಕ್ಕೆ. ಅಷ್ಟರಲ್ಲಿ ನೀನು ಬಾಗಿಲು ಹಾಕ್ಕೋಬಹುದು.”

ಟೈಲರ್ ಒಳಗೆ ಬಂದು ನೋಡಿದ. ನೋಡಿದವನು ಮನಸ್ಸು ಕರಗಿ, ಮಾರನೆಯ ದಿನ ಪೆಟ್ಟಿಗೆಗೆ ಅಳತೆ ತೆಗೆದುಕೊಂಡು, ಹತ್ತಿ ತುಂಬಿ ಅಡ್ಡ ಹೊಲಿಗೆ ಹಾಕಿದ ಒಂದು ಹೊದಿಕೆ ತಂದುಕೊಟ್ಟ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆಯನ್ನು ಬಾಯಲ್ಲಿ ಹೇಳಿದವರಿದ್ದಾರೆ. ಅದನ್ನು ಅಳತೆ ತೆಗೆದು ಹೊಲಿದದ್ದು ನಮ್ಮ ಬೀದಿಯಲ್ಲೇ ಇರಬೇಕು.

ಹತ್ತನೆಯ ದಿನ ಅತ್ತೆ ಫೋನೆತ್ತಿದರು. ನಾನು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕಿವಿಗೊಟ್ಟೆ.

“ಡಾಕ್ಟ್ರೇ, ನಮ್ಮ ಹಿತ್ತಲಲ್ಲಿ ಆಮೆ ಮೊಟ್ಟೆ ಸಿಕ್ಕಿದೆ. ನಾನೇ ಮರಿ ಮಾಡಿಸ್ತಿದ್ದೀನಿ. ಬೆಳವಣಿಗೆ ನೋಡಿದ್ರೆ ಶನಿವಾರ ಬೆಳಿಗ್ಗೆ ಮೂರನೇ ನಂಬರಿಂದು ಆಗುತ್ತೆ. ಬಂದು ನೋಡಿ… ಹೌದು, ಒಂದು ಮರಿ ನಿಮಗೇ.”

ದೊಡ್ಡ ಡಾಕ್ಟರು ತಮ್ಮ ಕೋಣೆಯಲ್ಲಿ ಮೀನಿನ ತೊಟ್ಟಿ ಇಟ್ಟುಕೊಂಡವರು. ಆಮೆಮರಿ ಎಂದರೆ ಬಾಯಿ ಬಿಡುತ್ತಾರೆಂದು ಅತ್ತೆಗೆ ಗೊತ್ತಿತ್ತು. ಫೋನಿಟ್ಟು ನನ್ನ ಕಡೆ ತಿರುಗಿದರು. ಮುಖ ಹೊಳೆಯುತ್ತಿತ್ತು.

“ತರಬೇತಿ ಶಾಲೆ ಪಟ್ಟಿ ಸೋಮವಾರ ಹಾಕ್ತಾರಂತೆ. ನಾನೇನೂ ಕೇಳಲ್ಲ. ಬರಲಿ, ಕಣ್ಣಾರೆ ನೋಡಲಿ. ಯಾರ ಕಣ್ಣು ಹೋಗಿದೆ ಅಂತ ಅವರಿಗೇ ಗೊತ್ತಾಗುತ್ತೆ.”

ಗುರುವಾರ ಬೆಳಿಗ್ಗೆ ಹಾಸಿಗೆ ಐದರ ಮೊಟ್ಟೆ ಕಂದುಬಣ್ಣಕ್ಕೆ ತಿರುಗಿ ಮುದುಡಿತ್ತು. ಅತ್ತೆ ಅದನ್ನು ಹತ್ತಿಯಲ್ಲಿ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿಟ್ಟು ನನ್ನ ಕೈಗೆ ಕೊಟ್ಟರು. “ನಿನ್ನ ಲ್ಯಾಬಲ್ಲಿ ಕೊಯ್ದು ನೋಡು. ನನ್ನ ಆರೈಕೇಲಿ ಏನು ತಪ್ಪಾಯ್ತು ಅಂತ ತಿಳೀಬೇಕು. ಮಿಕ್ಕ ನಾಲ್ಕು ಉಳೀಬೇಕಲ್ಲ.”

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕೊಯ್ದೆ, ಉದ್ದಕ್ಕೆ, ನಡುವಿನಿಂದ. ಹೊರಗೆ ತೊಗಲಿನಂಥ ಪೊರೆ. ಅದರೊಳಗೆ ಕಣ್ಣೀರಿನಷ್ಟು ತಿಳಿಯಾದ ಲೋಳೆ. ಅದರೊಳಗೆ ಹಸಿರು ಮಿಶ್ರಿತ ಕಪ್ಪು ಪದರ. ನಟ್ಟನಡುವೆ, ಅದುಮಿಟ್ಟ ಸ್ಪಂಜಿನಂತೆ, ಒಂದು ಬಿಳಿ ದಿಂಡು. ಹಳದಿ ಲೋಳೆ ಇಲ್ಲ, ಕಾಲಿಲ್ಲ, ಕಣ್ಣಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಆ ಕಪ್ಪು ಪದರ ಸಾವಿರಾರು ಬೀಜಕಣಗಳಾಗಿ ಒಡೆದು ಕಂಡಿತು.

ಅಣಬೆ. ನಾಯಿಕೊಡೆಗಳ ಜಾತಿ. ಎರಡನೆಯ ವರ್ಷದ ಸಸ್ಯಶಾಸ್ತ್ರ ಪುಸ್ತಕದಲ್ಲಿ ಅದರ ಚಿತ್ರವಿತ್ತು. ಆ ಪುಟ ಬಂದಾಗ ನಮ್ಮ ಮೇಷ್ಟರು “ಇದನ್ನ ನೀವೇ ಓದ್ಕೊಳ್ಳಿ” ಎಂದು ಮುಂದಿನ ಪಾಠಕ್ಕೆ ಹಾರಿದ್ದರು. ನಾವು ಓದಿಕೊಂಡಿದ್ದೆವು, ಬೇರೆ ಯಾವ ಪುಟವನ್ನೂ ಓದದಷ್ಟು ಶ್ರದ್ಧೆಯಿಂದ. ಕೊಳೆಯುವ ಮರದ ಮೇಲೆ ಬೆಳೆಯುತ್ತದೆ. ಮೊದಲು ಮೊಟ್ಟೆ. ಆಮೇಲೆ ಮೊಟ್ಟೆ ಒಡೆದು ಅರ್ಧ ಗಂಟೆಯೊಳಗೆ ಗೇಣುದ್ದ ಎದ್ದು ನಿಲ್ಲುತ್ತದೆ. ಸತ್ತ ಇಲಿಯಂತೆ ನಾರಿ, ನೊಣಗಳನ್ನು ಕರೆದು, ಬೀಜಕಣಗಳನ್ನು ಅವುಗಳ ಕಾಲಿಗಂಟಿಸಿ ಕಳಿಸುತ್ತದೆ. ಅದರ ಆಕಾರ ಗಂಡಸಿನ ಯಾವ ಅಂಗದ್ದು ಎಂಬುದನ್ನು ಹೆಸರಿಟ್ಟ ವಿಜ್ಞಾನಿಗಳು ಮುಚ್ಚಿಡಲೂ ಹೋಗಿಲ್ಲ. ಅಂಗದ ಹೆಸರನ್ನೇ ಅಣಬೆಗೂ ಇಟ್ಟುಬಿಟ್ಟಿದ್ದಾರೆ.

ಸಂಜೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. “ಏನಾಗಿತ್ತೇ?”

“ರಿಪೋರ್ಟ್ ಇನ್ನೂ ಬಂದಿಲ್ಲ ಅತ್ತೆ.”

ರಿಪೋರ್ಟ್ ಬರೆಯಬೇಕಾದವಳು ನಾನೇ. ಅತ್ತೆಗೆ ನಾನು ಹೇಳಿದ ಮೊದಲ ಸುಳ್ಳೇನೂ ಅದಲ್ಲ, ಆದರೆ ನನ್ನ ಕೆಲಸದ ಹೆಸರಿನಲ್ಲಿ ಹೇಳಿದ ಮೊದಲನೆಯದು.

ಗಂಡನಿಗೆ ಹೇಳಿದಾಗ ಅವನು ಹಾಸಿಗೆಯ ಮೇಲೆ ಉರುಳಿ, ದಿಂಬು ಬಾಯಿಗಿಟ್ಟುಕೊಂಡು ನಕ್ಕ. ಆಮೇಲೆ ಎದ್ದು ಕೂತು ಗಂಭೀರನಾದ.

“ಹೇಳಬೇಡ ಕಣೇ. ಹನ್ನೆರಡು ದಿನದಿಂದ ಅಮ್ಮ ಊಟ ಮಾಡ್ತಿದ್ದಾಳೆ, ನನ್ನ ಬೈತಿದ್ದಾಳೆ. ಮನೆ ಮನೆ ಥರ ಇದೆ.”

“ಶನಿವಾರ ಆ ಡಾಕ್ಟರ ಮುಂದೆ ಅದು ಎದ್ದು ನಿಂತರೆ?”

“ಆಮೆ ಅಲ್ವಾ, ತಲೆ ಹೊರಗೆ ಹಾಕಿದೆ ಅಂತ ಹೇಳಿದ್ರಾಯ್ತು.”

“ನಿಮಗೆಲ್ಲ ತಮಾಷೆ. ಅತ್ತೆಗೆ ಸಿಗಬಹುದಾದ ಕೆಲಸ ಹೋಗುತ್ತೆ. ಕಣ್ಣಿಲ್ಲ ಅಂದಿದ್ದರು, ಇನ್ನು ತಲೇನೂ ಇಲ್ಲ ಅಂತಾರೆ. ಹೇಳಿದ್ದು ನಾನು, ಅನುಭವಿಸೋದು ಅತ್ತೆ.”

“ಹಾಗಾದ್ರೆ ಹೇಳು.”

“ಹೇಗೆ ಹೇಳಲಿ?”

“ನೋಡಿದ್ಯಾ,” ಎಂದು ಅವನು ಮತ್ತೆ ದಿಂಬು ಹುಡುಕಿದ.

ಶುಕ್ರವಾರ ಮೂರು ಸಲ ಹೇಳಲು ಹೋದೆ. ಮೊದಲ ಸಲ ಅತ್ತೆ ಉಷ್ಣತೆ ನೋಡುತ್ತಿದ್ದರು, ಕೈ ಎತ್ತಿ ಸುಮ್ಮನಿರಿಸಿದರು. ಎರಡನೆಯ ಸಲ ಹಾಸಿಗೆ ಮೂರರ ಮೊಟ್ಟೆಗೆ ಮೆಲುದನಿಯಲ್ಲಿ “ಅವಸರ ಬೇಡ, ಉಸಿರು ಬಿಡು, ಉಸಿರು ಬಿಡು” ಎನ್ನುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದನ್ನು ನಾನು ಬಲ್ಲೆ. ಹೆರಿಗೆ ಮಾಡಿಸುವವರಿಗೂ ಮುದ್ದು ಎಂಬುದು ಗೊತ್ತಿರಲಿಲ್ಲ. ಮೂರನೆಯ ಸಲ ಅವರೇ “ರಿಪೋರ್ಟ್ ಬಂತಾ?” ಎಂದು ಕೇಳಿದರು. ನಾನು “ನಾಳೆ” ಎಂದೆ.

ಶನಿವಾರ ಬೆಳಿಗ್ಗೆ ಮೂರನೆಯ ಮೊಟ್ಟೆ ತುದಿಯಲ್ಲಿ ಚೂಪಾಗಿ, ಪೊರೆ ಬಿಗಿದು ಹೊಳೆಯುತ್ತಿತ್ತು. ಅತ್ತೆ ಅದನ್ನು ಬೆರಳ ತುದಿಯಿಂದ ಒಮ್ಮೆ ಮುಟ್ಟಿ, ಕಣ್ಣು ಮುಚ್ಚಿ, ಗಡಿಯಾರ ನೋಡಿ “ಹನ್ನೊಂದು ಗಂಟೆ” ಎಂದು ಚಾರ್ಟಿನಲ್ಲಿ ಬರೆದರು. ಉಷ್ಣತೆ ಏರುಪೇರಾಗಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿ ಚಿಲಕ ಹಾಕಿದರು. ಗಾಳಿ ಒಣಗಬಾರದೆಂದು ಕುರ್ಚಿಗಳ ಮೇಲೆ ಒದ್ದೆ ಟವೆಲು ಹರಡಿದರು. ಆಸ್ಪತ್ರೆಯ ಹಳೆಯ ಬಿಳಿ ಕೋಟು ತೊಟ್ಟು ಬಂದು ನಿಂತಾಗ ನನಗೆ ತಡೆಯಲಾಗಲಿಲ್ಲ. ಹತ್ತೂ ಇಪ್ಪತ್ತಾಗಿತ್ತು.

“ಅತ್ತೆ, ಅದು ಆಮೆ ಅಲ್ಲ.”

“ಮತ್ತೆ? ಹಾವಾ?”

“ಪ್ರಾಣೀನೇ ಅಲ್ಲ. ಅಣಬೆ. ಕೊಯ್ದು ನೋಡಿದೆ. ಮರದ ಚೂರಲ್ಲಿ ಬೆಳೆಯೋ ನಾಯಿಕೊಡೆ. ನೀವು ಕತ್ತರಿಸಿದ್ದು ಬೇರು. ಈಗ ಒಡೆದು ಮೇಲೆ ಬರುತ್ತೆ, ಬಂದು… ತುಂಬ ನಾರುತ್ತೆ.”

ಅತ್ತೆ ಪೆಟ್ಟಿಗೆ ನೋಡಿದರು. ಚಾರ್ಟು ನೋಡಿದರು. ಹದಿಮೂರು ದಿನದ ಅಂಕಿಗಳು ಅಲ್ಲಿದ್ದವು.

“ಕೊಯ್ದಿದ್ದು ಯಾವಾಗ?”

“ಗುರುವಾರ.”

“ಇವತ್ತು ಯಾವ ವಾರ?”

ನಾನು ಉತ್ತರಿಸುವ ಮೊದಲೇ ಬಾಗಿಲು ತಟ್ಟಿದ ಸದ್ದಾಯಿತು. ಹತ್ತೂವರೆಗೆ ಬರುತ್ತೇನೆಂದಿದ್ದ ದೊಡ್ಡ ಡಾಕ್ಟರು ಹತ್ತು ನಿಮಿಷ ಮುಂಚೆಯೇ ಬಂದಿದ್ದರು. ಕೈಯಲ್ಲಿ ಆಮೆಮರಿಗೆಂದು ತಂದ ಗಾಜಿನ ಭರಣಿ. ಅವರ ಹಿಂದೆಯೇ, ಯಾರೂ ಕರೆಯದ ಟೈಲರ್.

“ಎಲ್ಲಿ ಸಿಸ್ಟರ್ ನಿಮ್ಮ ಪೇಷೆಂಟು?” ಎಂದು ಡಾಕ್ಟರು ಒಳಗೆ ಬಂದರು. “ಅಬ್ಬ, ಏನು ಸೆಕೆ!” ಪೆಟ್ಟಿಗೆಯ ಮುಂದಿನ ಕುರ್ಚಿಯಲ್ಲಿ ಕೂತು, ಚಾರ್ಟು ನೋಡಿ ಹುಬ್ಬೇರಿಸಿದರು. “ತಾಯಿ ಪರಾರಿ! ಇದನ್ನೆಲ್ಲ ನೀವೇ ಬರೆದ್ರಾ? ದಶಾಂಶದವರೆಗೂ ಇದೆಯಲ್ಲ.”

“ಇನ್ಯಾರು ಬರೀತಾರೆ?” ಎಂದರು ಅತ್ತೆ. ಧ್ವನಿ ಒಣಗಿತ್ತು. ಒಂದು ಕ್ಷಣ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಹದಿನಾಲ್ಕು ವರ್ಷದ ಅತ್ತೆ-ಸೊಸೆ ಲೆಕ್ಕ ಪೂರಾ ಇತ್ತು. ಆಮೇಲೆ ಡಾಕ್ಟರ ಕಡೆ ತಿರುಗಿದರು. “ಒಂದು ಮಾತು ಡಾಕ್ಟ್ರೇ. ಆಮೆ ಅಂದಿದ್ದೆ. ಈಗ ಇವಳು ಬೇರೆ ಏನೋ ಅಂತಾಳೆ.”

“ಬೇರೆ ಏನು?”

“ಬಂದ ಮೇಲೆ ಗೊತ್ತಾಗುತ್ತೆ. ಯಾವ ಹೆರಿಗೇಲಿ ಮೊದಲೇ ಗೊತ್ತಾಗಿತ್ತು ಹೇಳಿ? ಹನ್ನೊಂದಕ್ಕೆ ಬರುತ್ತೆ, ಅಷ್ಟು ಮಾತ್ರ ನನ್ನ ಮಾತು.”

ಎಲ್ಲರೂ ಕಾದೆವು. ಹತ್ತೂ ನಲವತ್ತಕ್ಕೆ ಪೊರೆಯ ತುದಿಯಲ್ಲಿ ಸೀಳು ಬಿತ್ತು. ಲೋಳೆ ಮಿನುಗಿತು. “ಬಂತು, ತಲೆ ಬಂತು,” ಎಂದು ಟೈಲರ್ ಪಿಸುಗುಟ್ಟಿದ. ಕಪ್ಪು ಹಸಿರಿನ, ಮಿರಿಮಿರಿ ಮಿನುಗುವ ಒಂದು ಟೊಪ್ಪಿಗೆ ಹೊರಗೆ ಬಂತು. ಟೊಪ್ಪಿಗೆಯ ಕೆಳಗೆ ಬಿಳಿಯ ದಿಂಡು. ಅದು ಏರಿತು. ನಿಂತಿತು ಎಂದುಕೊಂಡೆವು, ಮತ್ತೆ ಏರಿತು. ಅದರ ಆಕಾರದ ಬಗ್ಗೆ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಾನು ಮಾಡುವುದಕ್ಕೆ ಬೇರೇನೂ ತೋಚದೆ ಸ್ಕೇಲು ಹಿಡಿದೆ: ಇಪ್ಪತ್ತು ನಿಮಿಷಕ್ಕೆ ಒಂಬತ್ತು ಸೆಂಟಿಮೀಟರು.

“ಒಂದು ಜರ್ಕ್ ಇಲ್ಲ ನೋಡಿ,” ಎಂದ ನನ್ನ ಗಂಡ, ವೃತ್ತಿಯ ಅಸೂಯೆಯಿಂದ. “ಎಷ್ಟು ಸ್ಮೂತಾಗಿ ಏರ್ತಿದೆ. ನಮ್ಮ ಲಿಫ್ಟುಗಳಿಗೆ ಇದು ಬರಲ್ಲ.”

ಆಗ ಟೊಪ್ಪಿಗೆಯ ಕೆಳಗಿನಿಂದ ಬಿಳಿಯ ಬಲೆಯೊಂದು ಸುರುಳಿ ಬಿಚ್ಚಿ ನೆರಿಗೆ ನೆರಿಗೆಯಾಗಿ ಕೆಳಗಿಳಿಯತೊಡಗಿತು. ಮದುವಣಗಿತ್ತಿಯ ಮುಸುಕಿನಷ್ಟು ನಯ. ಟೈಲರ್ ಬಗ್ಗಿ ನೋಡಿ, ತನ್ನ ಅರಿವಿಲ್ಲದೆ, “ಲೇಸ್ ಕೆಲಸ ಚೆನ್ನಾಗಿದೆ,” ಎಂದ.

ದೊಡ್ಡ ಡಾಕ್ಟರ ಮುಖ ಕೆಂಪಾಗಿ, ಕಿವಿಯೂ ಕೆಂಪಾಗಿತ್ತು. ನಗುವೋ ಕೋಪವೋ ತಿಳಿಯದು. ಗಾಜಿನ ಭರಣಿಯನ್ನು ಅವರು ಮೆಲ್ಲಗೆ ಕುರ್ಚಿಯ ಕೆಳಗೆ ಸರಿಸಿದರು. ನಾನು ಅತ್ತೆಯತ್ತ ನೋಡಿದೆ. ಈಗ ಅವರು ಅಳುತ್ತಾರೆ, ಇಲ್ಲವೇ ಒಳಗೆ ಹೋಗಿ ಗೋಡೆ ಕಡೆ ತಿರುಗಿ ಮಲಗುತ್ತಾರೆ, ಈ ಸಲ ಏಳುವುದಿಲ್ಲ ಎಂದುಕೊಂಡೆ.

ಅತ್ತೆ ಕನ್ನಡಕ ಸರಿಪಡಿಸಿಕೊಂಡರು. ಗಡಿಯಾರ ನೋಡಿದರು. ಬಗ್ಗಿ, ಸಾವಿರಾರು ಬಾರಿ ನೋಡಿದ್ದನ್ನು ಮತ್ತೊಮ್ಮೆ ನೋಡುವವರಂತೆ, ಪೆಟ್ಟಿಗೆಯೊಳಗೆ ನೋಡಿದರು. ಪೆನ್ನು ತೆಗೆದರು.

“ಹನ್ನೊಂದು ಗಂಟೆ ಎರಡು ನಿಮಿಷ,” ಎಂದರು. “ಗಂಡು.”

ಡಾಕ್ಟರು ಕುರ್ಚಿಯಿಂದ ಅರ್ಧ ಜಾರಿ ನಕ್ಕರು. ಟೈಲರ್ ಗೋಡೆಗೊರಗಿ ನಕ್ಕ. ನಕ್ಕವರು ಉಸಿರೆಳೆದುಕೊಳ್ಳಬೇಕಲ್ಲ, ಆಗ ವಾಸನೆ ಅವರ ಮೂಗಿಗೆ ಸಿಕ್ಕಿತು.

ಅದನ್ನು ಬಣ್ಣಿಸುವುದಿಲ್ಲ. ಮುಚ್ಚಿದ ಕೋಣೆ, ಸೆಕೆ, ಒದ್ದೆ ಟವೆಲು ಎಲ್ಲ ಅದಕ್ಕೆ ಒತ್ತಾಸೆಯಾಗಿದ್ದವು. ಸತ್ತ ಇಲಿ ಎಂದು ಪುಸ್ತಕ ಬರೆದವರು ಮರ್ಯಾದಸ್ಥರು ಎಂದಷ್ಟೇ ಹೇಳುತ್ತೇನೆ. ಟೈಲರ್ ಹಿಂಬಾಗಿಲಿನಿಂದ ಓಟ ಕಿತ್ತ. ಗಂಡ ಅವನ ಹಿಂದೆ. ಡಾಕ್ಟರು ಕರವಸ್ತ್ರ ಮೂಗಿಗೊತ್ತಿ ಎದ್ದರು. ಮುಂಬಾಗಿಲಿಗೆ ಬೆನ್ನು ಕೊಟ್ಟು ಅತ್ತೆ ನಿಂತಿದ್ದರು.

“ಕಿಟಕಿ ತೆಗೀರಿ ಸಿಸ್ಟರ್!”

“ತೆಗೀತೀನಿ. ಒಂದು ಮಾತಿದೆ.”

“ಹೊರಗೆ ಮಾತಾಡೋಣ.”

“ಹೊರಗೆ ಹೋದ್ರೆ ನಾನು ಕೇಳಲ್ಲ, ನನ್ನ ಬುದ್ಧಿ ನನಗೆ ಗೊತ್ತು. ಇಲ್ಲಿಗೆ ಮಾನ ಹೋಗೋದು ಪೂರ್ತಿ ಹೋಗಿದೆ, ಇನ್ನು ಉಳಿಸ್ಕೊಳ್ಳೋಕೆ ಏನೂ ಇಲ್ಲ. ಅದಕ್ಕೆ ಈಗಲೇ ಕೇಳ್ತೀನಿ. ತರಬೇತಿ ಶಾಲೇಲಿ ನನಗೆ ಕೆಲಸ ಬೇಕು.”

ಡಾಕ್ಟರ ಕಣ್ಣಲ್ಲಿ ನೀರು ಬರುತ್ತಿತ್ತು, ಭಾವುಕತೆಯಿಂದಲ್ಲ. “ಸಿಸ್ಟರ್, ಆ ಮಗು ತೂಕ…”

“ತಪ್ಪು ನಂದೇ.” ಅತ್ತೆ ಇದನ್ನು ಹೇಳಿದ್ದು ಮೊದಲ ಸಲ. ನಾನು ಮೂಗು ಮುಚ್ಚಿಕೊಳ್ಳುವುದನ್ನೂ ಮರೆತೆ. “ತಕ್ಕಡಿ ಸರಿಯಾಗೇ ಇತ್ತು. ಕನ್ನಡಕ ಜೇಬಲ್ಲಿತ್ತು. ಹಾಕ್ಕೊಂಡ್ರೆ ಮುದುಕಿ ಅಂತಾರೆ ಅಂತ ಹಾಕ್ಕೊಳ್ಳಲಿಲ್ಲ. ಇವತ್ತು ಆಮೆ ಅಂದೆ, ಅದೂ ತಪ್ಪು. ಆದರೆ ಕನ್ನಡಕ ಹಾಕ್ಕೊಂಡು ಬರೆದ ಒಂದು ಅಂಕಿ ಆ ಚಾರ್ಟಲ್ಲಿ ತಪ್ಪಿದ್ರೆ ತೋರಿಸಿ. ಹನ್ನೊಂದು ಅಂದೆ. ಎಷ್ಟಕ್ಕೆ ಬಂತು?”

“ಆಯ್ತು, ಆಯ್ತು. ಮೂರು ತಿಂಗಳು. ಹೇಗೆ ಮಾಡ್ತೀರೋ ನೋಡೋಣ.”

“ಆರು.”

“ಉಸಿರು ಕಟ್ತಿದೆ ಸಿಸ್ಟರ್!”

“ಮೂಗಲ್ಲಿ ಬೇಡ, ಬಾಯಲ್ಲಿ ಉಸಿರಾಡಿ. ನಿಧಾನಕ್ಕೆ. ಹಾಂ, ಹಾಗೇ. ಆರು.”

“ಆರು! ಸೋಮವಾರದಿಂದಲೇ ಬನ್ನಿ! ದಯವಿಟ್ಟು ಬಾಗಿಲು!”

ಅತ್ತೆ ಪಕ್ಕಕ್ಕೆ ಸರಿದರು. ಬಾಗಿಲು ತೆರೆದದ್ದೇ ತಡ, ಡಾಕ್ಟರು ಹೊರಗೆ ಹಾರಿದರು, ಬೀದಿಯ ನೊಣಗಳೆಲ್ಲ ಒಳಗೆ ನುಗ್ಗಿದವು. ಗೇಟಿನ ಬಳಿ ಅವರು ಎರಡೂ ಕೈ ಮೊಣಕಾಲ ಮೇಲಿಟ್ಟು ಬಗ್ಗಿ ನಿಂತು ಕೆಮ್ಮಿದರು, ಆಮೇಲೆ ನಕ್ಕರು, ಮತ್ತೆ ಕೆಮ್ಮಿದರು. ಹೋಗುತ್ತ ಹೋಗುತ್ತ “ಗಂಡಂತೆ!” ಎಂದು ತಮಗೆ ತಾವೇ ಹೇಳಿಕೊಂಡದ್ದು ಬೀದಿಯ ತಿರುವಿನವರೆಗೂ ಕೇಳುತ್ತಿತ್ತು.

ಗಂಡ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದು ಪೆಟ್ಟಿಗೆಯನ್ನು ಹೊದಿಕೆಸಮೇತ ಹಿತ್ತಲಿಗೆ ಸಾಗಿಸಿದ. ಅತ್ತೆ ಕಿಟಕಿಗಳನ್ನು ಒಂದೊಂದಾಗಿ ತೆರೆದರು. ನಾನು ಒದ್ದೆ ಟವೆಲುಗಳನ್ನು ಮಡಿಸಿದಂತೆ ಮಾಡುತ್ತ, ಬೈಗುಳಕ್ಕೆ ಕಾಯುತ್ತ ನಿಂತೆ.

“ಗುರುವಾರದಿಂದ ಸುಳ್ಳು ಹೇಳಿದೆ,” ಎಂದರು ಬೆನ್ನು ತಿರುಗಿಸಿಯೇ. “ನಿಮ್ಮ ಲ್ಯಾಬಲ್ಲಿ ಹೀಗೇ ಎರಡು ದಿನ ರಿಪೋರ್ಟ್ ಬಚ್ಚಿಟ್ಟರೆ ಊರಿನ ಗತಿ ಏನೇ?”

“ತಪ್ಪಾಯ್ತು ಅತ್ತೆ.”

“ಗುರುವಾರ ಹೇಳಿದ್ರೆ ಅವರನ್ನ ಬರಬೇಡಿ ಅಂತಿದ್ದೆ. ಬರಬೇಡಿ ಅಂದಿದ್ರೆ ಕೆಲಸಾನೂ ಇಲ್ಲ. ಅದಕ್ಕೆ ಬಿಟ್ಟಿದ್ದೀನಿ. ಆದ್ರೂ ತಪ್ಪು ತಪ್ಪೇ.” ಕೊನೆಯ ಕಿಟಕಿಯ ಚಿಲಕ ತೆಗೆದು ತಿರುಗಿದರು. “ಅಣಬೆ ಅಂದೆ, ನಾರುತ್ತೆ ಅಂದೆ. ಅದರ ರೂಪ ಹೀಗಿರುತ್ತೆ ಅಂತ ಯಾಕೆ ಬಾಯಿ ಬಿಡಲಿಲ್ಲ?”

“ನಿಮ್ಮ ಮುಂದೆ ಅದನ್ನ ಹೇಗೆ ಹೇಳೋದು? ನಾಚಿಕೆ ಆಯ್ತು.”

ಅತ್ತೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ, ಹೊಸದಾಗಿ ವಾರ್ಡಿಗೆ ಸೇರಿದ ಹುಡುಗಿಯನ್ನು ನೋಡುವಂತೆ ನೋಡಿದರು.

“ನಾಚಿಕೆಯಂತೆ! ಗಂಡಸರಿಗೆ ಅದೊಂದು ಇಲ್ಲದಿದ್ರೆ ಹೆರಿಗೆ ಆಸ್ಪತ್ರೇಲಿ ಮೂವತ್ತೈದು ವರ್ಷ ನನಗೆ ಏನು ಕೆಲಸ ಇರ್ತಿತ್ತು ಅಂದ್ಕೊಂಡಿದ್ದೀಯ?”

ಹೇಳಿ, ಬಿಳಿ ಕೋಟು ಬಿಚ್ಚಿ ಮೂಸಿ ನೋಡಿ, ಸೋಮವಾರದೊಳಗೆ ಎರಡು ಸಲ ಒಗೆಯಬೇಕು ಎಂದು ನನ್ನ ಕೈಗೆ ಕೊಟ್ಟರು.